ಕನಸಿನ ಪುಸ್ತಕವೂ ಲೆಕ್ಕದ ಪುಸ್ತಕವೂ

ಇಟಲಿ ದೇಶದ ನೇಪಲ್ಸ್ ನಗರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಪುಸ್ತಕವುಂಟು. ಅದರ ಹೆಸರು ‘ಸ್ಮೋರ್ಫಿಯ’. ಗ್ರೀಕರ ಸ್ವಪ್ನದೇವತೆಯಾದ ಮಾರ್ಫಿಯಸ್‌ನ ಹೆಸರಿನಿಂದ ಈ ಮಾತು ಹುಟ್ಟಿತೆಂದು ಹೇಳುತ್ತಾರೆ. ಕನಸಿನಲ್ಲಿ ಕಂಡ ಒಂದೊಂದು ವಸ್ತುವಿಗೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿಕೊಡುವುದೇ ಈ ಪುಸ್ತಕದ ಕೆಲಸ. ಸತ್ತವನು ಕಂಡರೆ 47; ಸತ್ತವನು ಮಾತನಾಡಿದರೆ 48; ಕ್ರಿಸ್‌ಮಸ್ ಹಬ್ಬಕ್ಕೆ 25; ಭಯಕ್ಕೆ 90. ಬೆಳಗ್ಗೆ ಎದ್ದವನು ತನ್ನ ಕನಸನ್ನು ಪುಸ್ತಕದೊಡನೆ ತಾಳೆನೋಡಿ, ದೊರೆತ ಸಂಖ್ಯೆಯ ಮೇಲೆ ಹಣ ಕಟ್ಟುತ್ತಾನೆ.

ಪುಸ್ತಕವು 90ಕ್ಕೆ ನಿಲ್ಲಲು ಕಾರಣವಿದೆ. ‘ಲೊಟ್ಟೊ’ ಎಂಬ ಅಲ್ಲಿನ ಲಾಟರಿಯಲ್ಲಿ 1ರಿಂದ 90ರವರೆಗಿನ ಸಂಖ್ಯೆಗಳ ಪೈಕಿ ಐದನ್ನು ಎತ್ತುತ್ತಾರೆ. ಈ ಆಟದ ಮೂಲ ಜಿನೋವ ನಗರ. ಅಲ್ಲಿ ಆಡಳಿತ ಸಭೆಗೆ ಐವರನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಯಾರ ಹೆಸರು ಬರುವುದೆಂದು ಜನರು ಪಣ ಕಟ್ಟತೊಡಗಿದರು. ಕಾಲಕ್ರಮದಲ್ಲಿ ಹೆಸರುಗಳು ಹೋಗಿ ಸಂಖ್ಯೆಗಳು ಉಳಿದವು.

ಈ ಗೀಳು ಮನೆಗಳನ್ನು ಹೇಗೆ ಮುರಿಯುತ್ತದೆಂಬುದನ್ನು ಮಟಿಲ್ಡೆ ಸೆರಾವೊ ಎಂಬ ಲೇಖಕಿ 1891ರಲ್ಲಿ ಪ್ರಕಟವಾದ ತನ್ನ ಕಾದಂಬರಿಯೊಂದರಲ್ಲಿ ಚಿತ್ರಿಸಿದ್ದಾಳೆ. ಅದರಲ್ಲಿ ಬರುವ ಸಿರಿವಂತ ಮನೆತನದ ಮುದುಕನೊಬ್ಬನು ಗೆಲ್ಲುವ ಸಂಖ್ಯೆಯನ್ನು ಹೇಳೆಂದು ತನ್ನ ಮಗಳನ್ನೇ ಪೀಡಿಸುತ್ತಾನೆ. ಆಕೆಗೆ ದಿವ್ಯದರ್ಶನವಾಗುವುದೆಂದು ಅವನ ನಂಬಿಕೆ. ಕೊನೆಗೆ ಆ ಹುಡುಗಿ ಕೊರಗಿ ಸಾಯುತ್ತಾಳೆ.

ಕನಸನ್ನು ನಂಬದವರಿಗಾಗಿ ಬೇರೊಂದು ಬಗೆಯ ಪುಸ್ತಕಗಳಿವೆ. ಇವು ಗಣಿತದ ವೇಷ ತೊಟ್ಟಿರುವುದರಿಂದ ಹೆಚ್ಚು ಅಪಾಯಕರ. ಯಾವ ಸಂಖ್ಯೆ ಎಷ್ಟು ಸಲ ಬಂದಿದೆ, ಯಾವುದು ಎಷ್ಟು ದಿನಗಳಿಂದ ಬಂದಿಲ್ಲ ಎಂಬ ಉದ್ದುದ್ದನೆಯ ಪಟ್ಟಿಗಳು ಇವುಗಳಲ್ಲಿ ತುಂಬಿರುತ್ತವೆ. ಬಹುಕಾಲ ಬಾರದಿದ್ದ ಸಂಖ್ಯೆ ಇನ್ನು ಬಂದೇ ತೀರಬೇಕು ಎಂಬುದು ಇವುಗಳ ಮುಖ್ಯ ಬೋಧೆ. ಇದಕ್ಕೆ ‘ಸರಾಸರಿಯ ನಿಯಮ’ ಎಂಬ ಘನವಾದ ಹೆಸರೂ ಉಂಟು.

ನಿಜವಾದ ನಿಯಮ ಬೇರೆ. ಜೂಜಿನ ಲೆಕ್ಕವನ್ನು ಕುರಿತು 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚ್ ವಿದ್ವಾಂಸರು ಪತ್ರ ವ್ಯವಹಾರ ನಡೆಸಿದರು. ಸಂಭವನೀಯತೆಯ ಶಾಸ್ತ್ರಕ್ಕೆ ತಳಹದಿ ಬಿದ್ದುದು ಆಗ. (ನಳನಿಗೆ ಅಕ್ಷಹೃದಯವನ್ನು ಕಲಿಸಿದ ಋತುಪರ್ಣನು ಮರದ ಎಲೆಗಳನ್ನು ಕ್ಷಣದಲ್ಲಿ ಎಣಿಸಬಲ್ಲವನಾಗಿದ್ದನೆಂಬ ಕಥೆಯನ್ನು ನೋಡಿದರೆ, ಪಗಡೆಗೂ ಎಣಿಕೆಗೂ ನಂಟುಂಟೆಂಬುದು ನಮ್ಮ ಹಿಂದಿನವರಿಗೂ ಹೊಳೆದಿತ್ತೆಂದು ತೋರುತ್ತದೆ.) ಜೇಕಬ್ ಬರ್ನೂಲಿಯ ಗ್ರಂಥವು ಆತನು ತೀರಿಕೊಂಡ ಮೇಲೆ, 1713ರಲ್ಲಿ, ಅಚ್ಚಾಯಿತು. ಪ್ರಯೋಗಗಳ ಸಂಖ್ಯೆ ಬೆಳೆದಂತೆಲ್ಲ ಫಲಗಳ ಪ್ರಮಾಣವು ನಿಜವಾದ ಸಂಭವನೀಯತೆಯ ಸಮೀಪಕ್ಕೆ ಬರುತ್ತದೆಂದು ಅವನು ಸಾಧಿಸಿದನು. ಪಟ್ಟಿಯ ಪುಸ್ತಕಗಳು ಅಪಾರ್ಥಮಾಡಿರುವುದು ಇದನ್ನೇ.

ನಾಣ್ಯವೊಂದನ್ನು ಹತ್ತು ಸಲ ಚಿಮ್ಮಿದಾಗ ಹತ್ತು ಸಲವೂ ತಲೆಯೇ ಬಿದ್ದಿತೆನ್ನಿ. ಇನ್ನು ಸಾವಿರ ಸಲ ಚಿಮ್ಮಿದರೆ ಸುಮಾರು ಐನೂರು ತಲೆ ಬೀಳಬಹುದು. ಆಗ 1010ರಲ್ಲಿ 510 ತಲೆ, ಎಂದರೆ ಶೇಕಡ 50.5. ಮೊದಲಿನ ಹೆಚ್ಚಳವನ್ನು ಸರಿತೂಗಿಸಲು ನಾಣ್ಯವು ಬೇಕೆಂದೇ ಬಾಲದ ಕಡೆಗೆ ವಾಲಲಿಲ್ಲ. ಹಿಡಿ ಉಪ್ಪನ್ನು ಕೆರೆಗೆ ಎಸೆದರೆ ಉಪ್ಪು ನಾಶವಾಗುವುದಿಲ್ಲ, ನೀರಿನ ಮುಂದೆ ಅದು ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೆ. ನಾಣ್ಯಕ್ಕೆ ನೆನಪಿಲ್ಲ, ಲಾಟರಿಯ ಚೆಂಡಿಗೂ ಇಲ್ಲ.

ಈ ಮಾತನ್ನು ಮರೆತವರು ತೆತ್ತ ಬೆಲೆ ದೊಡ್ಡದು. ಇಟಲಿಯಲ್ಲಿ ಆಗ ಹತ್ತು ನಗರಗಳ ಹೆಸರಿನಲ್ಲಿ ಬೇರೆಬೇರೆಯಾಗಿ ಸಂಖ್ಯೆಗಳನ್ನು ಎತ್ತುತ್ತಿದ್ದರು. ವೆನಿಸ್ ನಗರದ ಪಾಲಿನಲ್ಲಿ 53 ಎಂಬ ಸಂಖ್ಯೆಯು 2003ರ ಮೇ ತಿಂಗಳಿನಿಂದ ಬಾರದೆ ನಿಂತಿತು. ವಾರಗಳು ಕಳೆದಂತೆ, ಇಂದಲ್ಲದಿದ್ದರೆ ನಾಳೆ ಬಂದೀತೆಂದು ಜನರು ಪಣವನ್ನು ಏರಿಸುತ್ತ ಹೋದರು. ಉಳಿತಾಯ ಕರಗಿತು, ಸಾಲ ಬೆಳೆಯಿತು. ನಷ್ಟವನ್ನು ತಾಳಲಾರದೆ ಪ್ರಾಣ ಕಳೆದುಕೊಂಡವರೂ ಇದ್ದರು. ಒಟ್ಟು 350 ಕೋಟಿ ಯೂರೋಗಳಿಗೂ ಮಿಗಿಲಾದ ಹಣ ಆ ಒಂದು ಸಂಖ್ಯೆಯ ಮೇಲೆ ಸುರಿಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಕಡೆಗೆ 2005ರ ಫೆಬ್ರವರಿ 9ರಂದು 53 ಬಂದಿತು.

ಅಷ್ಟು ದೀರ್ಘಕಾಲ ಬಾರದಿರುವುದು ವಿಚಿತ್ರವಲ್ಲವೆ? ಲೆಕ್ಕ ಹಾಕಿದರೆ ವಿಚಿತ್ರ ಕರಗುತ್ತದೆ. ಒಂದು ಸಂಖ್ಯೆ ಒಂದು ಸಲದ ಎತ್ತುವಿಕೆಯಲ್ಲಿ ಬರುವ ಸಂಭವ 90ರಲ್ಲಿ 5, ಎಂದರೆ 18ರಲ್ಲಿ 1. ಅದು ಸತತವಾಗಿ ನೂರು ಸಲ ತಪ್ಪುವ ಸಂಭವ ಸುಮಾರು 300ರಲ್ಲಿ 1. ಆದರೆ ಹತ್ತು ನಗರಗಳ ತೊಂಬತ್ತು ಸಂಖ್ಯೆಗಳೆಂದರೆ 900 ಸಾಲುಗಳಾದವು. ಆದುದರಿಂದ ಯಾವ ದಿನ ನೋಡಿದರೂ ನೂರು ಸಲ ತಪ್ಪಿದ ಸಂಖ್ಯೆಗಳು ಸರಾಸರಿ ಮೂರಾದರೂ ಸಿಕ್ಕುತ್ತವೆ. ಪಟ್ಟಿಯ ಪುಸ್ತಕಕ್ಕೆ ಎಂದಿಗೂ ಬರಗಾಲವಿಲ್ಲ!

ಬಂದಾಗ ದೊರೆಯುವ ಹಣವನ್ನೂ ನೋಡಬೇಕು. 18ರಲ್ಲಿ ಒಂದು ಸಲ ಗೆಲ್ಲುವ ಪಣಕ್ಕೆ ನ್ಯಾಯವಾಗಿ ಹದಿನೆಂಟು ಪಟ್ಟು ಸಲ್ಲಬೇಕು. ಲೊಟ್ಟೊ ಕೊಡುವುದು ಸುಮಾರು ಹನ್ನೊಂದು ಪಟ್ಟು. ಯಾವ ಸಂಖ್ಯೆಯನ್ನು ಆರಿಸಿದರೂ ಈ ಕೊರತೆ ತಪ್ಪದು.

ಹಾಗಾದರೆ ಸಂಖ್ಯೆಯನ್ನು ಆರಿಸುವುದರಲ್ಲಿ ಜಾಣತನಕ್ಕೆ ಎಡೆಯೇ ಇಲ್ಲವೆ? ಬಹುಮಾನವನ್ನು ಗೆದ್ದವರೆಲ್ಲ ಹಂಚಿಕೊಳ್ಳುವ ಲಾಟರಿಯಲ್ಲಿ ಕೊಂಚ ಉಂಟು. ಇಂಗ್ಲೆಂಡಿನಲ್ಲಿ 1994ರಲ್ಲಿ ಆರಂಭವಾದ ಲಾಟರಿಯಲ್ಲಿ ಮೊದಲು 49ರ ಪೈಕಿ ಆರು ಸಂಖ್ಯೆಗಳನ್ನು ಆರಿಸಬೇಕಾಗಿತ್ತು. ಹಾಗೆ ಆರಿಸುವ ಬಗೆಗಳು 1,39,83,816. ಅವುಗಳಲ್ಲಿ 1, 2, 3, 4, 5, 6 ಎಂಬುದಕ್ಕೂ ಉಳಿದ ಯಾವುದಕ್ಕೂ ಸಂಭವ ಒಂದೇ. ಆದರೆ ಮನುಷ್ಯರ ಮನಸ್ಸು ಚೆಂಡಿನಂತೆ ನಿಷ್ಪಕ್ಷಪಾತವಾದುದಲ್ಲ. ಹುಟ್ಟಿದ ದಿನ, ಶುಭಸಂಖ್ಯೆ ಎಂದು ಹಲವರು ಒಂದೇ ಕಡೆ ಬಂದು ಸೇರುತ್ತಾರೆ. 1995ರ ಜನವರಿ 14ರಂದು 7, 17, 23, 32, 38, 42 ಎಂಬ ಸಂಖ್ಯೆಗಳು ಬಂದಾಗ ಅವನ್ನೇ ಆರಿಸಿದ್ದ ಚೀಟಿಗಳು 133. ಒಂದು ಕೋಟಿ ಅರವತ್ತು ಲಕ್ಷ ಪೌಂಡಿಗೂ ಮೀರಿದ ಬಹುಮಾನವು ಹರಿದು ಹಂಚಿಹೋಗಿ, ಒಂದೊಂದು ಚೀಟಿಯ ಪಾಲಿಗೆ 1,22,510 ಪೌಂಡು ಬಂದಿತು. ಇತರರು ಆರಿಸದ ಸಂಖ್ಯೆಗಳನ್ನು ಹುಡುಕಿದವನು ಗೆದ್ದರೆ ಪಾಲುದಾರರು ಕಡಿಮೆಯಾದಾರು. ಗೆಲ್ಲುವ ಸಂಭವ ಮಾತ್ರ ಅವನಿಗೂ 1,39,83,816ರಲ್ಲಿ ಒಂದೇ.