ಹೊಸತನಕ್ಕೆ ಜೋತುಬೀಳದ ಸ್ಯಾಕ್ಸೊಫೋನ್

ಚೆನ್ನೈನ ಮಾರ್ಗಳಿ ಕಛೇರಿಗಳ ಶ್ರೋತೃಗಳನ್ನು ಒಲಿಸಿಕೊಳ್ಳುವುದು ಸುಲಭವಲ್ಲ. ತೊಡೆಯ ಮೇಲೆ ತಾಳ ಹಾಕುತ್ತ ಕುಳಿತ ರಸಿಕರು, ರಾಗದ ಒಂದು ಸ್ವರ ಚೂರು ಆಚೀಚೆಯಾದರೂ ಪಕ್ಕದವರ ಮುಖ ನೋಡುತ್ತಾರೆ. ಅಂಥ ಊರಿಗೆ ಬ್ಯಾಂಡ್‌ಸೆಟ್ಟಿನ ವಾದ್ಯವನ್ನು ಹಿಡಿದು ಹೋದವರು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್. ಹೊಸ ವಾದ್ಯದ ಬೆರಗು ಒಂದೆರಡು ಸೀಸನ್‌ಗೆ ಒದಗೀತು, ಅಷ್ಟೇ. ಗೋಪಾಲನಾಥ್ ನಾಲ್ಕು ದಶಕಗಳ ಹತ್ತಿರ ನಿಂತರು. ಅವರ ವಾದನದಷ್ಟೇ ಈ ದೀರ್ಘ ಬಾಳಿಕೆಯೂ ಗಮನಿಸಬೇಕಾದ್ದು.

ಅವರು ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು, ಮಗನ ಮೊದಲ ವಾದ್ಯವೂ ಅದೇ. ಹುಡುಗನ ಮನಸ್ಸು ತಿರುಗಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ಮೇಲೆ. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರ ಬಳಿ ಪಾಠ ನಡೆಯಿತು. ವಾದ್ಯವನ್ನು ಪೂರ್ತಿ ಕೈವಶ ಮಾಡಿಕೊಳ್ಳಲು ಅವರಿಗೆ ಸುಮಾರು 20 ವರ್ಷ ಹಿಡಿಯಿತು.

ಇಪ್ಪತ್ತು ವರ್ಷ ಯಾಕೆ ಬೇಕಾಯಿತು ಎಂಬುದು ವಾದ್ಯದ ರಚನೆ ನೋಡಿದರೆ ಅರ್ಥವಾಗುತ್ತದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ಹಿತ್ತಾಳೆಯ ಕೊಳವೆ ಹುಟ್ಟಿದ್ದು ಪಾಶ್ಚಾತ್ಯ ಸಂಗೀತಕ್ಕಾಗಿ. ಕೊಳಲು, ನಾಗಸ್ವರಗಳಲ್ಲಿ ರಂಧ್ರದ ಮೇಲೆ ನೇರವಾಗಿ ಬೆರಳೇ ಇರುತ್ತದೆ. ಅರ್ಧ ಮುಚ್ಚಬಹುದು, ಮೆಲ್ಲಗೆ ಸರಿಸಬಹುದು, ಒಂದು ಸ್ವರವನ್ನು ಇನ್ನೊಂದರೊಳಕ್ಕೆ ಜಾರಿಸಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳಿವೆ. ಕೀಲಿ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ಆದರೆ ಕರ್ನಾಟಕ ಸಂಗೀತದ ಜೀವ ಇರುವುದೇ ಸ್ವರಗಳ ನಡುವಿನ ಆ ಓಡಾಟದಲ್ಲಿ. ಗಮಕವಿಲ್ಲದ ತೋಡಿ ತೋಡಿಯೇ ಅಲ್ಲ. ಹಾಗಾಗಿ ಬೆರಳಿಗೆ ಸಿಗದ್ದನ್ನು ತುಟಿ, ದವಡೆ, ಉಸಿರುಗಳಿಂದ ದುಡಿಸಿಕೊಳ್ಳಬೇಕು. ರೀಡಿನ ಮೇಲೆ ತುಟಿಯ ಬಿಗಿ ಕೂದಲೆಳೆಯಷ್ಟು ಸಡಿಲವಾದರೆ ಸ್ವರ ಇಳಿಯುತ್ತದೆ, ಬಿಗಿಯಾದರೆ ಏರುತ್ತದೆ. ಈ ಹದವನ್ನು ಒಂದೊಂದು ರಾಗಕ್ಕೂ ಬೇರೆಬೇರೆಯಾಗಿ ಕಲಿಯಬೇಕು. ಮಾದರಿಯಾಗಿ ಮುಂದಿಟ್ಟುಕೊಳ್ಳಲು ಅವರಿಗೆ ಹಿಂದಿನ ದೊಡ್ಡ ವಿದ್ವಾಂಸರಾರೂ ಇರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಚೆನ್ನೈಯಲ್ಲಿ ಅವರಿಗೆ ಸಿಕ್ಕ ಗುರು ಟಿ.ವಿ. ಗೋಪಾಲಕೃಷ್ಣನ್. ಮೃದಂಗದಲ್ಲೂ ಹಾಡುಗಾರಿಕೆಯಲ್ಲೂ ಸಮಾನ ಹೆಸರು ಮಾಡಿದವರು, ಚೆಂಬೈ ವೈದ್ಯನಾಥ ಭಾಗವತರ ಶಿಷ್ಯರು. ಸ್ಯಾಕ್ಸೊಫೋನ್ ಕಲಿಯುವವನಿಗೆ ಸ್ಯಾಕ್ಸೊಫೋನ್ ನುಡಿಸದ ಗುರು ಒದಗಿದ್ದು ದೊಡ್ಡ ಭಾಗ್ಯವೆಂದೇ ಹೇಳಬೇಕು. ಗಾಯಕನ ಬಳಿ ಕಲಿತವನು ವಾದ್ಯ ಸುಲಭವಾಗಿ ಕೊಡುವುದಕ್ಕೆ ತೃಪ್ತನಾಗುವುದಿಲ್ಲ, ಕಂಠ ಕೇಳುವುದನ್ನು ಕೊಡು ಎಂದು ವಾದ್ಯವನ್ನು ಒತ್ತಾಯಿಸುತ್ತಾನೆ. ಗೋಪಾಲನಾಥರ ಆಲಾಪನೆಯಲ್ಲಿ ಆ ಒತ್ತಾಯ ಕೊನೆಯವರೆಗೂ ಕೇಳಿಸುತ್ತಿತ್ತು.

ಜಾಜ್‌ನೊಂದಿಗೆ ಅವರ ನಂಟು ಬೆಳೆದದ್ದು 1980ರ ಮುಂಬಯಿ ಜಾಜ್ ಉತ್ಸವದಿಂದ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಅಲ್ಲಿ ಇವರನ್ನು ಕೇಳಿ, ಒಟ್ಟಿಗೆ ನುಡಿಸೋಣವೆಂದರು. ಹ್ಯಾಂಡಿ ಅದಕ್ಕೂ ಐದು ವರ್ಷ ಮೊದಲೇ ಅಲಿ ಅಕ್ಬರ್ ಖಾನರ ಸರೋದಿನ ಜೊತೆ ಆಲ್ಬಂ ಮಾಡಿದ್ದವರು, ರಾಗವೆಂದರೇನೆಂದು ಬಲ್ಲವರು. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ವಾದ್ಯ, ನುಡಿದದ್ದು ಎರಡು ಭಾಷೆ. ಮುಂದೆ ಬರ್ಲಿನ್, ಪ್ರಾಗ್ ಜಾಜ್ ಉತ್ಸವಗಳಿಂದಲೂ ಗೋಪಾಲನಾಥರಿಗೆ ಕರೆ ಬಂತು. ಆದರೆ ಜಾಜ್ ವೇದಿಕೆ ಏರಿದರೆಂದು ಅವರು ಜಾಜ್ ವಾದಕರಾಗಲಿಲ್ಲ. ಹಣೆಗೆ ತಿಲಕ, ಬಣ್ಣದ ರೇಷ್ಮೆಯ ಜುಬ್ಬಾ, ಪಕ್ಕದಲ್ಲಿ ಎ. ಕನ್ಯಾಕುಮಾರಿಯವರ ಪಿಟೀಲು, ಅವರ ಕಛೇರಿ ಎಲ್ಲಿ ನಡೆದರೂ ಕಛೇರಿಯೇ ಆಗಿರುತ್ತಿತ್ತು.

1994 ಅವರಿಗೆ ಎರಡು ಬಾಗಿಲು ತೆರೆದ ವರ್ಷ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ನಡೆಸುವ ಪ್ರಾಮ್ಸ್ ಸಂಗೀತೋತ್ಸವಕ್ಕೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರ ಅವರಾದರು. ಅದೇ ವರ್ಷ ಕೆ. ಬಾಲಚಂದರ್ ಅವರ ‘ಡ್ಯುಯೆಟ್’ ತೆರೆಗೆ ಬಂತು. ಎ.ಆರ್. ರಹಮಾನ್ ಸಂಗೀತದ ಆ ಚಿತ್ರದಲ್ಲಿ ನಾಯಕ ಪ್ರಭು ಸ್ಯಾಕ್ಸೊಫೋನ್ ವಾದಕ, ಉಸಿರು ಮಾತ್ರ ಕದ್ರಿಯವರದು. ಅದರಲ್ಲಿ ಅವರು ನುಡಿಸಿದ ಕಲ್ಯಾಣವಸಂತ, ಸಭಾಗಳ ಮೆಟ್ಟಿಲು ಹತ್ತದ ಲಕ್ಷಾಂತರ ಕಿವಿಗಳಿಗೆ ತಲುಪಿತು.

ಇಷ್ಟಾದ ಮೇಲೂ, ಅರವತ್ತರ ಹೊಸ್ತಿಲಲ್ಲಿ, ಅವರು ಇನ್ನೊಂದು ಸಾಹಸಕ್ಕೆ ಸಿದ್ಧರಿದ್ದರು. ಕರ್ನಾಟಕ ಮೂಲದ ತಂದೆತಾಯಿಯರ ಮಗ, ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಜಾಜ್ ಸ್ಯಾಕ್ಸೊಫೋನ್ ವಾದಕ. ವಿದ್ಯಾರ್ಥಿಯಾಗಿದ್ದಾಗ ಅಣ್ಣ ತಮಾಷೆಗೆಂದು ಕೊಟ್ಟ ಗೋಪಾಲನಾಥರ ಒಂದು ಆಲ್ಬಂ ಅವರ ದಾರಿಯನ್ನೇ ತಿರುಗಿಸಿತು. ಮುಂದೆ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ಹೊರತಂದರು, 2008ರಲ್ಲಿ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗಗಳ ಜೊತೆ ಗಿಟಾರ್, ಬಾಸ್, ಡ್ರಮ್ಸ್ ಅಲ್ಲಿ ಒಂದೇ ಮನೆಯವರಂತೆ ಮಾತಾಡುತ್ತವೆ. ಎಳೆಯನು ಬೇರು ಹುಡುಕುತ್ತಿದ್ದರೆ ಹಿರಿಯರು ಅಷ್ಟೇ ಚುರುಕಾಗಿ ಉತ್ತರ ಕೊಡುತ್ತಾರೆ, ವಯಸ್ಸಿನ ಆಯಾಸ ಒಂದು ಕಡೆಯೂ ಕಾಣುವುದಿಲ್ಲ.

ಊದುವ ವಾದ್ಯಕ್ಕೆ ವಯಸ್ಸು ನಿಷ್ಠುರ. ಹಲ್ಲು, ತುಟಿಯ ಸ್ನಾಯು, ಶ್ವಾಸಕೋಶ, ಯಾವುದು ಸೋತರೂ ನಾದ ಸೋಲುತ್ತದೆ. ಜಾಜ್‌ನ ಮಹಾ ವಾದಕ ಸೋನಿ ರೋಲಿನ್ಸ್ 2012ರ ನಂತರ ವೇದಿಕೆ ಏರದಂತೆ ತಡೆದದ್ದು ಶ್ವಾಸಕೋಶದ ಕಾಯಿಲೆ. ಇನ್ನೊಂದು ತುದಿಯಲ್ಲಿ ಮಾರ್ಷಲ್ ಅಲೆನ್ ಇದ್ದಾರೆ: 1924ರಲ್ಲಿ ಹುಟ್ಟಿದ ಈ ಅಮೆರಿಕನ್ ತಮ್ಮ ಹೆಸರಿನ ಮೊದಲ ಸೋಲೋ ಆಲ್ಬಂ ತಂದದ್ದು 2025ರಲ್ಲಿ, ನೂರು ದಾಟಿದ ಮೇಲೆ. ತಮಿಳುನಾಡಿನ ಕ್ಲಾರಿನೆಟ್ ವಿದ್ವಾಂಸ ಎ.ಕೆ.ಸಿ. ನಟರಾಜನ್ ಅವರಿಗೆ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಸಂದಾಗ ಎಪ್ಪತ್ತೇಳರ ಆಸುಪಾಸು.

ಗೋಪಾಲನಾಥರಿಗೆ ಅಷ್ಟು ಆಯುಸ್ಸು ದಕ್ಕಲಿಲ್ಲ. 2004ರ ಪದ್ಮಶ್ರೀ ಸೇರಿದಂತೆ ಮನ್ನಣೆಗಳು ಬಂದವು, ನಿಜ. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 69. ಆದರೆ ಕಲಾವಿದನ ಬಾಳಿಕೆಯನ್ನು ಅಳೆಯಲು ಬೇರೆ ಲೆಕ್ಕವಿದೆ. ಇವತ್ತು ಕರಾವಳಿಯ ಮದುವೆ ಮಂಟಪಕ್ಕೆ, ದೇವಸ್ಥಾನದ ಜಾತ್ರೆಗೆ, ಭೂತಕೋಲದ ಅಂಗಳಕ್ಕೆ ಹೋಗಿ ನೋಡಿ. ನಾಗಸ್ವರದ ಜಾಗದಲ್ಲೋ ಜೊತೆಯಲ್ಲೋ ಸ್ಯಾಕ್ಸೊಫೋನ್ ಇರುತ್ತದೆ, ಅದು ಪರದೇಶದ್ದೆಂದು ಯಾರಿಗೂ ಅನ್ನಿಸುವುದಿಲ್ಲ. ವಾದ್ಯಕ್ಕೆ ಈ ಮಣ್ಣಿನಲ್ಲಿ ಇಷ್ಟು ಸಹಜವಾದ ಸ್ಥಾನ ದೊರಕಿಸಿದವರಲ್ಲಿ ಮೊದಲಿಗರು ಕದ್ರಿ.

ಅವರನ್ನು ಸಿನಿಮಾ ಹಾಡಿನ ಎರಡು ನಿಮಿಷದಲ್ಲಷ್ಟೇ ಕೇಳಿದವರು ಒಮ್ಮೆ ಪೂರ್ತಿ ಕಛೇರಿಯ ಧ್ವನಿಮುದ್ರಣ ಹುಡುಕಿ ಕೇಳಬೇಕು. ವರ್ಣದಿಂದ ಮಂಗಳದವರೆಗೆ, ನಡುವೆ ಎಲ್ಲೂ ದಾಟಿಸದೆ.