ಲೇಖಕನ ಏಳು ದಿನಗಳು

ಬರೆಯುವವನಿಗೆ ಹೊತ್ತೇ ಬಂಡವಾಳ. ಒಕ್ಕಲಿಗನು ಮಳೆಯ ಹದವನ್ನೂ ವರ್ತಕನು ಗಲ್ಲದ ಪೆಟ್ಟಿಗೆಯನ್ನೂ ಕಾಯುವಂತೆ ಲೇಖಕನು ತನ್ನ ಬೆಳಗಿನ ಎರಡು ಗಂಟೆಗಳನ್ನು ಕಾದುಕೊಳ್ಳಬೇಕು. ಈ ಮಾತನ್ನು ನಾನು ಅನೇಕರಿಗೆ ಉಪದೇಶಿಸಿದ್ದೇನೆ. ಆದರೆ ಕಳೆದ ತಿಂಗಳ ಒಂದು ವಾರದಲ್ಲಿ ನಾನೇ ಅದನ್ನು ಮರೆತು ಪಟ್ಟ ಪಾಡನ್ನು ವಾಚಕ ಮಹಾಶಯರ ಮುಂದೆ ಮುಚ್ಚುಮರೆಯಿಲ್ಲದೆ ಇಡುತ್ತೇನೆ. ಮನೆಯಲ್ಲಿ ಒಬ್ಬೊಬ್ಬರ ಕೈಗೂ ಒಂದೊಂದು ಮೊಬೈಲು ಬಂದಿರುವ ಈ ಕಾಲದಲ್ಲಿ ಇದು ಲೇಖಕನೊಬ್ಬನ ಕಥೆ ಮಾತ್ರವೇ ಆಗಲಾರದು.

ನನ್ನ ಕೈಯಲ್ಲಿರುವ ಕೆಲಸವನ್ನು ಮೊದಲು ಹೇಳಬೇಕು. ನಮ್ಮ ಮನೆಯಲ್ಲಿ ಎಂಬತ್ತಾರು ವರ್ಷದ ಸೋದರತ್ತೆಯವರಿದ್ದಾರೆ. ಅವರ ಬಾಲ್ಯದ, ಹೊಸ ಸಂಸಾರದ ಸಂಗತಿಗಳನ್ನು ಅವರ ಬಾಯಿಂದಲೇ ಕೇಳಿ ಪುಸ್ತಕವಾಗಿ ಬರೆಯುತ್ತಿದ್ದೇನೆ. ಕಣ್ಣು ಮಂದವಾಗಿರುವುದರಿಂದ ಅವರು ಓದಲಾರರು. ಭಾನುವಾರ ಸಂಜೆ ನಾನು ಓದಿ ಹೇಳುತ್ತೇನೆ, ಅವರು ತಿದ್ದುತ್ತಾರೆ. ಈಚೆಗೆ ಅವರ ನೆನಪಿಗೂ ಮಬ್ಬು ಕವಿಯುತ್ತಿದೆ. ಆದುದರಿಂದ ಈ ಪುಸ್ತಕಕ್ಕೆ ಅವಸರವುಂಟು.

ಪ್ರಕಟಿಸಲು ಒಪ್ಪಿದ ಮಿತ್ರರು, “ಓದುಗರೆಲ್ಲ ಈಗ ಹೊಸ ಜಾಲತಾಣಗಳಲ್ಲಿದ್ದಾರೆ, ತಾವೂ ಅಲ್ಲಿಗೆ ಬರಬೇಕು” ಎಂದರು. ನಾನು ಒಪ್ಪಿದೆನು.

ಸೋಮವಾರ ಬೆಳಗ್ಗೆ ಅತ್ತೆಯವರು ಮದುಮಗಳಾಗಿ ಹರಿಗೋಲಿನಲ್ಲಿ ಕುಳಿತು ತುಂಬಿದ ಕಾವೇರಿಯನ್ನು ದಾಟಿದ ಕಥೆಯನ್ನು ಹೇಳಿದರು. ಹೆದರಿ ಅಳುತ್ತಿದ್ದ ಹುಡುಗಿಗೆ ಅಂಬಿಗನು ಧೈರ್ಯ ಹೇಳಿದ ಮಾತನ್ನು ಅವನ ಧಾಟಿಯಲ್ಲಿಯೇ ಆಡಿ ತೋರಿಸಿ ನಕ್ಕರು. ನಾನೋ, “ಹರಿಗೋಲು, ಅಂಬಿಗನ ಮಾತು, ನಾಳೆ ಬರೆಯತಕ್ಕದ್ದು” ಎಂದಷ್ಟೇ ಗುರುತು ಹಾಕಿಕೊಂಡು ಮಗಳೊಡನೆ ಮೊಬೈಲು ಹಿಡಿದು ಕುಳಿತೆನು. ಆಕೆ ವಿವರಿಸಿದಳು: 2006ರಲ್ಲಿ ಹುಟ್ಟಿದ ಟ್ವಿಟರ್ 2023ರ ಜುಲೈಯಲ್ಲಿ ‘ಎಕ್ಸ್’ ಎಂದು ಹೆಸರು ಬದಲಿಸಿಕೊಂಡಿತು, ಅದೇ ತಿಂಗಳು ಥ್ರೆಡ್ಸ್ ಬಂದಿತು, ಜರ್ಮನಿಯ ಯೂಜೆನ್ ರೋಚ್ಕೋ 2016ರಲ್ಲಿ ಆರಂಭಿಸಿದ ಮಾಸ್ಟೊಡಾನ್ ಒಬ್ಬ ಒಡೆಯನಿಲ್ಲದೆ ಹಲವು ಗಣಕಗಳಲ್ಲಿ ಹಂಚಿಕೊಂಡಿದೆ, ಬ್ಲೂಸ್ಕೈ 2024ರ ಫೆಬ್ರವರಿಯಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. ಮೂರರಲ್ಲಿ ಹೆಸರು ನೋಂದಾಯಿಸುವ ವೇಳೆಗೆ ಊಟದ ಹೊತ್ತಾಯಿತು.

ಮಂಗಳವಾರವೆಲ್ಲ ಅಕ್ಷರದ ಲೆಕ್ಕ. ಒಂದೆಡೆ ಮುನ್ನೂರು ಅಕ್ಷರದ ಮಿತಿ, ಉಳಿದೆರಡರಲ್ಲಿ ಐನೂರು. ನಮ್ಮ ಭಾಷೆಯಲ್ಲಿ ಈ ಲೆಕ್ಕ ವಿಚಿತ್ರವಾದುದು. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಯೂನಿಕೋಡ್ ಕ್ರಮದಲ್ಲಾದರೋ ಮೂರು ವ್ಯಂಜನ, ಎರಡು ಹಲಂತ, ಒಂದು ಈಕಾರ, ಹೀಗೆ ಆರು ಸಂಕೇತಗಳು! ವಾಕ್ಯವೊಂದನ್ನು ಕತ್ತರಿಸಿ ಜೋಡಿಸುವುದರಲ್ಲಿ ಬೆಳಗು ಮುಗಿಯಿತು. ಆದರೂ ಸಂಕ್ಷೇಪವಾಗಿ ಬರೆಯುವ ಅಭ್ಯಾಸ ಲೇಖಕನಿಗೆ ಕೆಟ್ಟದಲ್ಲವೆಂದು ಸಮಾಧಾನಪಟ್ಟುಕೊಂಡೆನು.

ಬುಧವಾರ ನನ್ನ ಬರಹಕ್ಕೆ ಹದಿನೇಳು ಮಂದಿ ಮೆಚ್ಚುಗೆ ಒತ್ತಿದ್ದರು. ಹದಿನೆಂಟನೆಯವರು ಬಂದರೋ ಎಂದು ನಾನು ಇಣಿಕಿ ನೋಡಿದುದಕ್ಕೆ ಲೆಕ್ಕವಿಲ್ಲ. ಪುಸ್ತಕಕ್ಕೆ ಕೊನೆಯ ಪುಟವೆಂಬುದುಂಟು. ಅಲ್ಲಿಗೆ ಬಂದಾಗ ದೀಪ ಆರಿಸಿ ಮಲಗುತ್ತೇವೆ. ಈ ತಾಣಗಳಿಗೆ ಅದಿಲ್ಲ. ಬೆರಳು ಸರಿಸಿದಷ್ಟೂ ಮುಗಿಯದಂತೆ ಪುಟ ಬೆಳೆಯುವ ಉಪಾಯವನ್ನು 2006ರಲ್ಲಿ ಏಜಾ ರಾಸ್ಕಿನ್ ಎಂಬವರು ಕಲ್ಪಿಸಿದರು. ಮುಂದೆ ಅದರ ಪರಿಣಾಮವನ್ನು ಕಂಡು ಅವರೇ ಪಶ್ಚಾತ್ತಾಪಪಟ್ಟರು. ಕಲ್ಪಿಸಿದವರೇ ಪರಿತಪಿಸಿದ ಮೇಲೆ ನನ್ನಂಥವನ ಪಾಡೇನು?

ಗುರುವಾರದ ಲಾಭವನ್ನು ಮರೆಮಾಚಿದರೆ ಅನ್ಯಾಯವಾದೀತು. ಹರಿಗೋಲನ್ನು ಹೇಗೆ ಕಟ್ಟುತ್ತಿದ್ದರೆಂದು ಕೇಳಿದೆನು. ತುಂಗಭದ್ರೆಯ ತೀರದ ಓದುಗರೊಬ್ಬರು, ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು ಹಿಂದೆ ತೊಗಲು ಹೊದಿಸುತ್ತಿದ್ದರೆಂದೂ, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುತ್ತಾರೆಂದೂ ತಿಳಿಸಿದರು. ಪರದೇಶದ ಕನ್ನಡಿಗರೊಬ್ಬರು ತಮ್ಮ ಅಜ್ಜಿಯ ಹೊಳೆದಾಟುವ ಕಥೆಯನ್ನು ಬರೆದರು. ಕುಳಿತಲ್ಲಿಗೇ ಇಂಥ ನೆರವು ಹಿಂದೆ ದೊರೆಯುತ್ತಿರಲಿಲ್ಲ.

ಹಿಗ್ಗಿನಿಂದ ಶುಕ್ರವಾರ ಬರೆಯಲು ಕುಳಿತೆನು. ಅಂಬಿಗನ ಮಾತು ಬೇಕಾಯಿತು, ನನಗೆ ನೆನಪಿರಲಿಲ್ಲ. ಒಳಗೆ ಹೋಗಿ, “ಅತ್ತೆ, ಆ ಅಂಬಿಗ ನಿಮಗೆ ಏನು ಹೇಳಿದ?” ಎಂದು ಕೇಳಿದೆನು.

“ಯಾವ ಅಂಬಿಗನಪ್ಪಾ?” ಎಂದರು.

ಹರಿಗೋಲನ್ನೂ ಹೊಳೆಯನ್ನೂ ನೆನಪಿಸಿದೆನು. ಬಹಳ ಹೊತ್ತು ಹುಡುಕಿದರು. ಹುಡುಕಿದಷ್ಟೂ ಅವರ ಮುಖದಲ್ಲಿ ಕಳವಳ ಹೆಚ್ಚಿತು. ನಾನು ಕೇಳುವುದನ್ನು ಬಿಟ್ಟೆನು. ಅರುವತ್ತಕ್ಕೂ ಹೆಚ್ಚು ವರ್ಷ ಅವರ ಬಳಿ ಭದ್ರವಾಗಿದ್ದ ಮಾತು ನನ್ನ ಕೈಗೆ ಬಂದ ಐದೇ ದಿನಗಳಲ್ಲಿ ಕಳೆದುಹೋಯಿತು.

ಶನಿವಾರ ಬರೆಯಲಿಲ್ಲ, ಯೋಚಿಸಿದೆನು. ಇಂಗ್ಲೆಂಡಿನ ಕಾದಂಬರಿಕಾರ ಆಂಥೊನಿ ಟ್ರಾಲಪ್ ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟು, ಕಾಲು ಗಂಟೆಗೆ ಇನ್ನೂರೈವತ್ತು ಪದಗಳಂತೆ ಬರೆಯುತ್ತಿದ್ದರು. ನಮ್ಮ ಮಾಸ್ತಿಯವರು ಸರ್ಕಾರದ ಹೊಣೆಯನ್ನು ಹೊತ್ತಿದ್ದಾಗಲೇ ಕಥೆಗಳನ್ನು ಕೊಟ್ಟರು. ಇವರಿಗೆಲ್ಲ ಇದ್ದುದು ನಮ್ಮಷ್ಟೇ ಹೊತ್ತು. ಜಾಲತಾಣಗಳ ಆಯುಷ್ಯವನ್ನೂ ಎಣಿಸಿದೆನು. 2020ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ ಕನ್ನಡಕ್ಕೂ ಮಣೆ ಹಾಕಿದ ‘ಕೂ’ 2024ರ ಜುಲೈಯಲ್ಲಿ ಮುಚ್ಚಿಹೋಯಿತು. ಪರರ ಗೋಡೆಯ ಮೇಲಿನ ಬರಹ ಗೋಡೆ ಇರುವ ತನಕ ಮಾತ್ರ.

ಆ ದಿನ ಮೂರು ನಿಯಮಗಳನ್ನು ಮಾಡಿಕೊಂಡೆನು. ಅತ್ತೆಯವರು ಹೇಳಿದುದನ್ನು ಹೇಳಿದಾಗಲೇ ಪೂರ್ತಿಯಾಗಿ ಬರೆಯುವುದು. ಬೆಳಗಿನ ಎರಡು ಗಂಟೆ ಮೊಬೈಲು ಅಡಿಗೆಮನೆಯ ಕಪಾಟಿನಲ್ಲಿರುವುದು; ಬೀಗದ ಕೈ ಗೃಹಿಣಿಯದು. ಮೂರು ತಾಣಗಳಲ್ಲಿ ಒಂದನ್ನು ಉಳಿಸಿಕೊಂಡು, ಸಂಜೆ ಇಪ್ಪತ್ತೈದು ನಿಮಿಷ ಮಾತ್ರ ಅಲ್ಲಿರುವುದು. ಈ ಇಪ್ಪತ್ತೈದರ ಗಡುವು ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಅವರಿಂದ ಕಲಿತದ್ದು. ವಿದ್ಯಾರ್ಥಿಯಾಗಿದ್ದಾಗ ಅವರು ಟೊಮೇಟೊ ಆಕಾರದ ಅಡಿಗೆಮನೆಯ ಗಡಿಯಾರವನ್ನಿಟ್ಟುಕೊಂಡು ಓದುತ್ತಿದ್ದರಂತೆ. ಅವರು ಅದನ್ನು ಕೆಲಸಕ್ಕೆ ಕಟ್ಟಿದರು. ನಾನು ಹರಟೆಗೆ ಕಟ್ಟಿದ್ದೇನೆ.

ಭಾನುವಾರ ಸಂಜೆ ಓದುವುದಕ್ಕೆ ಎರಡೇ ಹಾಳೆಗಳಿದ್ದವು. “ಈ ವಾರ ಇಷ್ಟೆಯೇನಪ್ಪಾ?” ಎಂದರು ಅತ್ತೆ. ನಾನು ತಪ್ಪೊಪ್ಪಿಕೊಂಡು, ಅಂಬಿಗನ ಮಾತು ಹೋಯಿತೆಂದೆನು. ಅವರು ತುಸು ಹೊತ್ತು ಸುಮ್ಮನಿದ್ದು, “ಹೋದದ್ದು ಹೋಗಲಿ. ನಾನು ಅಂಚಿನಿಂದ ಕೈ ಇಳಿಬಿಟ್ಟಿದ್ದೆ. ನೀರು ತಣ್ಣಗಿತ್ತು. ಅದನ್ನು ಬರೆ” ಎಂದರು.

ಅಲ್ಲಿಯೇ ಕುಳಿತು ಬರೆದೆನು. ವಾಚಕರೇ, ಹೊಸ ಸಾಧನಗಳನ್ನು ನಾನು ಹಳಿಯುವವನಲ್ಲ. ಹರಿಗೋಲಿನ ಬಿದಿರನ್ನೂ ತೊಗಲನ್ನೂ ನನಗೆ ತಿಳಿಸಿಕೊಟ್ಟುದು ಅವೇ. ಆದರೆ ಜಾಲದ ಸಂಗತಿಗಳು ನಾಳೆಯೂ ಸಿಕ್ಕಾವು. ಮನೆಯ ಹಿರಿಯರ ಬಾಯಿಂದ ಇಂದು ಬಂದ ಮಾತು ನಾಳೆಗೆ ಇರುವುದೆಂಬ ನೆಚ್ಚಿಗೆಯಿಲ್ಲ. ಅವರು ಮಾತನಾಡುತ್ತಿರುವಾಗ ಮೊಬೈಲನ್ನು ಕೆಳಗಿಟ್ಟು ಲೇಖನಿಯನ್ನು ಕೈಗೆತ್ತಿಕೊಳ್ಳಿರಿ.