ಒಳ್ಳೆಯ ಮಾತು ಗುಂಪಿನಲ್ಲಿ, ತಪ್ಪಿನ ಮಾತು ಗಿಡದ ಬುಡದಲ್ಲಿ



ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೇ ಅಡಿಕೆ ಕೊನೆಯೂ ಕೊಯ್ಲಿಗೆ ಬರುತ್ತದೆ. ಎರಡಕ್ಕೂ ಜನ ಬೇಕು, ಜನ ಸಿಗುವುದಿಲ್ಲ. ಇಂಥ ದಿನಗಳಲ್ಲಿ ಕೆಲಸ ಬಲ್ಲವರು ನಮ್ಮ ತೋಟದಲ್ಲಿ ಉಳಿಯುವುದೂ ಪಕ್ಕದ ತೋಟಕ್ಕೆ ಹೋಗುವುದೂ ಕೂಲಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ನಮ್ಮ ಮಾತಿನಿಂದಲೂ ಆಗುತ್ತದೆ. ಆ ಮಾತು ಈಗ ಬಹುಪಾಲು ವಾಟ್ಸಾಪ್ ಮೂಲಕವೇ ಹೋಗುತ್ತಿರುವುದರಿಂದ, ಈ ವಿಷಯವಾಗಿ ನನ್ನ ಅನುಭವವನ್ನು ತಮ್ಮ ಮುಂದಿಡುವುದು ಉಚಿತವೆಂದು ತೋರಿತು.

ನನ್ನ ತೋಟದ ಗುಂಪಿನಲ್ಲಿ ಮೇಸ್ತ್ರಿ, ಜೀಪು ಓಡಿಸುವವನು, ಖಾಯಂ ಕೆಲಸಗಾರರು ಸೇರಿ 11 ಜನರಿದ್ದಾರೆ. ಎರಡು ವರ್ಷಗಳ ಹಿಂದೆ ಅರೇಬಿಕಾ ಕೊಯ್ಲಿನಲ್ಲಿ ಒಂದು ಸಂಜೆ, ಹಣ್ಣು ತೂಗುವಾಗ ಒಬ್ಬ ಹೆಂಗಸಿನ ಚೀಲದಲ್ಲಿ ಹಸಿರುಕಾಯಿ ಹೆಚ್ಚಾಗಿ ಕಂಡಿತು. ಹಸಿರುಕಾಯಿ ಪಲ್ಪರಿನಲ್ಲಿ ಸರಿಯಾಗಿ ಸಿಪ್ಪೆ ಬಿಡುವುದಿಲ್ಲ, ಕಾಫಿಯ ರುಚಿಯನ್ನೂ ಕೆಡಿಸುತ್ತದೆ. ಸಿಟ್ಟಿನಲ್ಲಿ ಫೋಟೋ ತೆಗೆದು, ಆಕೆಯ ಹೆಸರು ಬರೆದು, ರಾತ್ರಿ 9 ಗಂಟೆಗೆ ಗುಂಪಿಗೆ ಹಾಕಿದೆ. ಮರುದಿನ ಆಕೆ ಬರಲಿಲ್ಲ. ಜೊತೆಗೆ ಬರುತ್ತಿದ್ದ ಇನ್ನಿಬ್ಬರೂ ಬರಲಿಲ್ಲ.

ನಾಲ್ಕನೆಯ ದಿನ ಮೇಸ್ತ್ರಿ ಬಾಯಿಬಿಟ್ಟ: "ತಪ್ಪಾಗಿದ್ದು ಹೌದು ಸಾಹುಕಾರ್ರೇ. ಗಿಡದ ಬುಡದಲ್ಲೇ ಬೈದಿದ್ರೆ ಅಲ್ಲಿಗೇ ಮುಗೀತಿತ್ತು. ನೀವು ಬರೆದದ್ದನ್ನ ಅವಳ ಮಗಳು ಮನೇಲಿ ಎಲ್ಲರೆದುರು ಓದಿದ್ಲಂತೆ."

ಅಷ್ಟರಲ್ಲಿ ಹಣ್ಣು ಗಿಡದಿಂದ ಉದುರತೊಡಗಿತ್ತು. ಉದುರಿದ ಹಣ್ಣು ಕಾಯಿಕೊರಕ ಹುಳುವಿಗೆ ಆಶ್ರಯವೆಂದು ತಮಗೆ ಹೇಳಬೇಕಾಗಿಲ್ಲ. ಆಕೆಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಗುಂಪಿನಲ್ಲೂ ಹಾಗೆಯೇ ಹೇಳಿದೆ. ಆಕೆ ಮರಳಿ ಬಂದಳು. ಉಳಿದಿಬ್ಬರು ಆ ವರ್ಷ ಬರಲೇ ಇಲ್ಲ.

ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತಮ್ಮ ಸಂಗಡಿಗರೊಂದಿಗೆ ಸುಮಾರು 200 ಮಂದಿ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ವಿಚಾರಿಸಿ 1959ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಸಂಬಳ, ಮೇಲಿನವರ ನಡವಳಿಕೆ ಇವು ಸರಿಯಿಲ್ಲದಿದ್ದರೆ ಕೆಲಸಗಾರನ ಮನಸ್ಸು ಕೆಡುತ್ತದೆ. ಸರಿಯಿದ್ದ ಮಾತ್ರಕ್ಕೆ ಹುರುಪು ಹುಟ್ಟುವುದಿಲ್ಲ. ಹುರುಪು ಹುಟ್ಟುವುದು ಕೆಲಸ ಕೈಗೂಡಿದ ತೃಪ್ತಿಯಿಂದ ಮತ್ತು ಅದನ್ನು ಇತರರು ಗುರುತಿಸುವುದರಿಂದ ಎಂಬುದು ಅದರ ಸಾರ. ಕಚೇರಿಯವರನ್ನು ಕೇಳಿ ಬರೆದದ್ದಾದರೂ ತೋಟಕ್ಕೂ ಇದು ಒಪ್ಪುತ್ತದೆ.

ಅಂದಿನಿಂದ ನಾವು ಅನುಸರಿಸುತ್ತಿರುವ ಕ್ರಮ ಹೀಗಿದೆ:

1. ತಪ್ಪನ್ನು ಮುಖತಃ, ಸಂಬಂಧಪಟ್ಟವರಿಗೆ ಮಾತ್ರ ಹೇಳುವುದು. ಮೆಚ್ಚುಗೆಯನ್ನು ಗುಂಪಿನಲ್ಲಿ ಹೇಳುವುದು. "ಎಲ್ಲರೂ ಚೆನ್ನಾಗಿ ಮಾಡಿದಿರಿ" ಎಂದರೆ ಯಾರಿಗೂ ತಟ್ಟುವುದಿಲ್ಲ. "ಇವತ್ತಿನ ಮರಗಸಿಯಲ್ಲಿ ಒಂದು ಕೊಂಬೆಯೂ ಕಾಫಿ ಗಿಡದ ಮೇಲೆ ಬಿದ್ದಿಲ್ಲ" ಎಂದು ಹೆಸರು ಹಿಡಿದು ಹೇಳಿದರೆ ತಟ್ಟುತ್ತದೆ.

2. ಬರೆಯುವ ಬದಲು ಮಾತನಾಡಿ ಧ್ವನಿ ಸಂದೇಶ ಕಳುಹಿಸುವುದು. ಓದಲು ಬಾರದವರಿದ್ದಾರೆ. ಅಸ್ಸಾಮಿನಿಂದ ಬಂದವರಿದ್ದರೆ, ಅವರಲ್ಲೇ ಕನ್ನಡ ಬಲ್ಲವರಿಂದ ಅವರ ಮಾತಿನಲ್ಲಿ ಹೇಳಿಸುವುದು. ಫೋನಿಲ್ಲದವರ ಸಲುವಾಗಿ ಬೆಳಿಗ್ಗೆ ಹಾಜರಿ ಹಾಕುವಾಗ ಅದನ್ನೇ ಇನ್ನೊಮ್ಮೆ ಹೇಳುವುದು.

3. ಕಣದಿಂದಾಚೆ ಕಾಫಿ ಏನಾಯಿತೆಂದು ಕೊಯ್ದವರಿಗೆ ತಿಳಿಯುವುದೇ ಇಲ್ಲ. ಕ್ಯೂರಿಂಗ್ ವರ್ಕ್ಸಿನಿಂದ ಲೆಕ್ಕ ಬಂದಾಗ ದಪ್ಪ ಬೀಜದ 'ಎ' ದರ್ಜೆ ಎಷ್ಟು ಬಂತೆಂದು ತಿಳಿಸುವುದು. ತಾವೇ ಪುಡಿ ಮಾಡಿ ಇನ್‌ಸ್ಟಾಗ್ರಾಂ ಮೂಲಕ ಮಾರುವ ಸದಸ್ಯರು ಗಿರಾಕಿಗಳ ಒಳ್ಳೆಯ ಮಾತನ್ನು ತಾವೊಬ್ಬರೇ ಇಟ್ಟುಕೊಳ್ಳಬಾರದು. ಅದರಲ್ಲಿ ಹಣ್ಣು ಆರಿಸಿ ಕೊಯ್ದವರ ಪಾಲಿದೆ.

4. ಒಪ್ಪಿಗೆಯಿಲ್ಲದೆ ಯಾರ ಫೋಟೋವನ್ನೂ ಹಾಕದಿರುವುದು. ಕೊನೆ ಕೊಯ್ಯುವವರು ಅಡಿಕೆ ಮರದ ಮೇಲಿರುವಾಗ ಫೋಟೋಕ್ಕೆಂದು ಕರೆಯುವುದಾಗಲಿ, ಅವರಿಗೆ ಫೋನು ಮಾಡುವುದಾಗಲಿ ಕೂಡದು. ಇಳಿದ ಮೇಲೆ ಬೇಕಾದಷ್ಟು ಹೊತ್ತಿದೆ.

5. ಸಂಜೆ 7ರ ನಂತರ ಕೆಲಸದ ಆಜ್ಞೆ ಕಳುಹಿಸದಿರುವುದು. ಸಿಗ್ನಲ್ ಇಲ್ಲದ ಕಣಿವೆಗಳಲ್ಲಿ ಸಂದೇಶ ತಲುಪುವುದು ಎಷ್ಟೋ ಹೊತ್ತಿನ ಮೇಲೆ. ತಲುಪದ ಆಜ್ಞೆಗೆ ಬೈಗುಳ ತಿನ್ನುವಂತಾಗಬಾರದು.

ಕಡೆಯದಾಗಿ ಒಂದು ಮಾತು. ಹೊಗಳಿಕೆ ಕೂಲಿಗೆ ಬದಲಿಯಲ್ಲ. ಶನಿವಾರದ ಬಟವಾಡೆ ತಡಮಾಡಿ, ಭಾನುವಾರ ಗುಂಪಿನಲ್ಲಿ ಕೈಮುಗಿಯುವ ಚಿತ್ರ ಹಾಕಿದರೆ ಯಾರೂ ಮೋಸಹೋಗುವುದಿಲ್ಲ. ಬಟವಾಡೆ ಸರಿಯಾಗಿದ್ದಲ್ಲಿ ಮಾತ್ರ ಒಳ್ಳೆಯ ಮಾತಿಗೆ ಬೆಲೆ.

ಇಷ್ಟರಿಂದ ನಮ್ಮಲ್ಲಿ ಹಸಿರುಕಾಯಿ ಪೂರ್ತಿ ನಿಂತಿತೆನ್ನಲಾರೆ, ಕಡಿಮೆಯಾಗಿದೆ. ಕಳೆದ ಕೊಯ್ಲಿನಲ್ಲಿ ಮಧ್ಯದಲ್ಲಿ ಬಿಟ್ಟುಹೋದವರು ಯಾರೂ ಇಲ್ಲ. ಸದಸ್ಯರು ತಮ್ಮ ಅನುಭವವನ್ನೂ ಸಂಘದ ಕಚೇರಿಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸಲಾಗುವುದು.

— ಕಾರ್ಯದರ್ಶಿ